ಪಾಲಮಲೆಯ ಸೀತಾಫಲಕ್ಕೆ ಬೆಲೆ ಎಲ್ಲಿ ಕಟ್ಟಬೇಕು?

ಮೆಟ್ಟೂರು ಅಣೆಕಟ್ಟೆ ದಾಟಿ ಕೊಳತ್ತೂರಿನ ದಾರಿ ಹಿಡಿದರೆ ಎಡಗಡೆಗೆ ಒಂದು ಬೆಟ್ಟಸಾಲು ಬಿಡದೆ ಜೊತೆಗೆ ಬರುತ್ತದೆ. ಅದು ಪಾಲಮಲೆ. ಬಲಗಡೆ ಕಾವೇರಿಯ ಹಿನ್ನೀರು, ಅದರಾಚೆ ಧರ್ಮಪುರಿ ಜಿಲ್ಲೆಯ ದಡ. ಸೇಲಂ ಜಿಲ್ಲೆಯ ಈ ಮೂಲೆ ನಕ್ಷೆಯಲ್ಲಿ ಸಣ್ಣದು. ಆದರೆ ಸೀತಾಫಲದ ಕಾಲದಲ್ಲಿ ಇಲ್ಲಿಗೆ ಬಂದವರಿಗೆ ರಸ್ತೆಯ ಅಂಚಿನಲ್ಲೇ ಒಂದು ಪ್ರಶ್ನೆ ಎದುರಾಗುತ್ತದೆ. ಗೋಣಿತಾಟಿನ ಮೇಲೆ ಗುಡ್ಡೆ ಗುಡ್ಡೆಯಾಗಿ ಹಣ್ಣು ಹರಡಿ ಕೂತ ಹೆಂಗಸು ಗುಡ್ಡೆಗೆ ಇಷ್ಟು ಎಂದು ಹೇಳುವ ಆ ಬೆಲೆ ಎಲ್ಲಿಂದ ಬಂತು? ಹಣ್ಣು ಬಂದದ್ದು ಮೇಲಿನಿಂದ ಎಂಬುದು ಕಾಣುತ್ತದೆ. ಬೆಲೆಯೂ ಅಲ್ಲಿಂದಲೇ ಬಂತೇ ಎಂದು ನೋಡಲು ಬೆಟ್ಟ ಹತ್ತಬೇಕಾಯಿತು.

ಹತ್ತುವ ಮುಂಚೆ ಕೆಳಗಿನ ನೆಲದ ವಿಷಯ ಸ್ವಲ್ಪ ಹೇಳಬೇಕು. ಮೆಟ್ಟೂರು ಅಣೆಕಟ್ಟೆಯ ಕೆಲಸ 1925ರಲ್ಲಿ ಶುರುವಾಗಿ 1934ರಲ್ಲಿ ಮುಗಿಯಿತು. ಆಗಿನ ಮದ್ರಾಸಿನ ಗವರ್ನರ್ ಹೆಸರಿನಲ್ಲಿ ಸ್ಟ್ಯಾನ್ಲಿ ಜಲಾಶಯ ಎನಿಸಿಕೊಂಡ ಈ ನೀರಿನಡಿ ಹೊಳೆಸಾಲಿನ ಹಲವು ಊರುಗಳು, ಅವುಗಳ ಫಲವತ್ತಾದ ಹೊಲಗಳು ಮುಳುಗಿದವು. ನೀರು ಇಳಿದ ವರ್ಷ ಪಣ್ಣವಾಡಿಯ ಹತ್ತಿರ ಹಳೆಯ ದೇವಸ್ಥಾನದ ನಂದಿ ಮೇಲೆದ್ದು ಕಾಣುತ್ತದೆ, ಜನ ನೋಡಲು ಬರುತ್ತಾರೆ. ಅದೇ ಪಣ್ಣವಾಡಿಯಿಂದ ಆಚೆ ದಡದ ನಾಗಮರೈಗೆ ದೋಣಿ ಉಂಟು. ಸೇಲಂ ಜಿಲ್ಲೆಯಿಂದ ಧರ್ಮಪುರಿ ಜಿಲ್ಲೆಗೆ ಅದು ಹತ್ತಿರದ ದಾರಿ. 1965ರವರೆಗೆ ಎರಡೂ ದಡ ಒಂದೇ ಸೇಲಂ ಜಿಲ್ಲೆ. ಉತ್ತರಕ್ಕೆ ಪಾಲಾರ್ ಹಳ್ಳದಾಚೆಯ ಕೊಳ್ಳೇಗಾಲ ಸೀಮೆ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಗಡಿಗಳು ಆಮೇಲೆ ಬಂದವು, ಮಾತು ಮೊದಲಿನಿಂದ ಇತ್ತು. ಕೊಳತ್ತೂರು, ಮೆಟ್ಟೂರು ಸುತ್ತಿನ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮನೆಮಾತಾಗಿರುವ ಕುಟುಂಬಗಳಿವೆ. ಇಲ್ಲಿ ಕನ್ನಡದಲ್ಲಿ ಬೆಲೆ ಕೇಳಿದರೆ ಕನ್ನಡದಲ್ಲೇ ಉತ್ತರ ಬರುವುದು ಅಪರೂಪವಲ್ಲ.

ಬೆಟ್ಟದ ಮೇಲಿನವರ ಮಾತು ತಮಿಳು. ಅವರು ಮಲಯಾಳಿ ಎಂಬ ಪರಿಶಿಷ್ಟ ಪಂಗಡದವರು. ಕೇರಳಕ್ಕೂ ಇವರಿಗೂ ನಂಟಿಲ್ಲ. ಸೇಲಂ, ಧರ್ಮಪುರಿ ಸೀಮೆಯ ಬೆಟ್ಟಗಳಲ್ಲಿ ತಲೆಮಾರುಗಳಿಂದ ರಾಗಿ, ಸಾಮೆ ಬೆಳೆದು ಬದುಕಿದವರು. ಪಾಲಮಲೆ ಕೊಳತ್ತೂರು ಪಂಚಾಯಿತಿ ಒಕ್ಕೂಟಕ್ಕೆ ಸೇರಿದ ಒಂದು ಗ್ರಾಮ ಪಂಚಾಯಿತಿ. ಸಣ್ಣ ಸಣ್ಣ ಹಾಡಿಗಳು ಬೆಟ್ಟದ ಮೈಮೇಲೆ ಚದುರಿ ಕೂತಿವೆ. ಬೆಟ್ಟದ ನೆತ್ತಿಯಲ್ಲಿ ಸಿದ್ಧೇಶ್ವರನ ಗುಡಿ.

ಕಣ್ಣಾಮೂಚ್ಚಿ ಎಂಬ ತಪ್ಪಲಿನ ಊರಿನ ಕಡೆಯಿಂದ ಏರುವ ದಾರಿ ಒಂದಿದೆ. ಮೇಲಿನ ಊರುಗಳಿಗೆ ಸರಿಯಾದ ರಸ್ತೆ ಬೇಕೆಂಬ ಕೂಗು ಬಹಳ ಹಳೆಯದು. ರೋಗಿಗಳನ್ನು ಬಟ್ಟೆಯ ತೊಟ್ಟಿಲಲ್ಲಿ ಹೊತ್ತು ಇಳಿಸಿದ ಸುದ್ದಿ ತಮಿಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಹಣ್ಣಿನ ಬೆಲೆಯ ಮಾತಿಗೆ ಇದು ಹೊರಗಿನದಲ್ಲ. ಮನುಷ್ಯರೇ ಹೆಗಲ ಮೇಲೆ ಇಳಿಯಬೇಕಾದ ಕಡೆ ಹಣ್ಣಿನ ಬುಟ್ಟಿ ಬೇರೆ ಹೇಗೆ ಇಳಿದೀತು? ಏರು ಶುರುವಾದ ಸ್ವಲ್ಪ ಹೊತ್ತಿಗೇ ಕಾಲು ಇದನ್ನು ತಿಳಿಸಿಕೊಡುತ್ತದೆ. ಕಲ್ಲು ಜಾರುತ್ತದೆ, ತಿರುವಿನಲ್ಲಿ ಉಸಿರು ನಿಲ್ಲುತ್ತದೆ. ಬರಿಗೈಯಲ್ಲಿ ಹತ್ತುವಾಗಲೇ ಹೀಗೆ. ತಲೆಯ ಮೇಲೆ ಹಣ್ಣು ಹೊತ್ತು ಇಳಿಯುವವರ ಮೊಣಕಾಲಿನ ಪಾಡು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ.

ಸೀತಾಫಲದ ಗಿಡ ಇಲ್ಲಿ ಯಾರೂ ಸಾಲು ಹಿಡಿದು ನೆಟ್ಟದ್ದಲ್ಲ. ಬಂಡೆಯ ಸಂದಿಯಲ್ಲಿ, ಹೊಲದ ಬದುವಿನಲ್ಲಿ, ಮನೆಯ ಬೇಲಿಯಲ್ಲಿ ತಾನಾಗಿ ಎದ್ದು ನಿಂತಿರುತ್ತದೆ. ಅಮೆರಿಕದ ಉಷ್ಣವಲಯದಿಂದ ಸಮುದ್ರ ದಾಟಿ ಬಂದ ಈ ಗಿಡ ನಮ್ಮ ಒಣಬೆಟ್ಟಗಳಿಗೆ ಹೊಂದಿಕೊಂಡ ಬಗೆ ನೋಡಿದರೆ ಇಲ್ಲಿಯದೇ ಎನ್ನಬೇಕು. ಎಲೆಯ ಕಹಿಗೆ ಆಡು ಕೂಡ ಬಾಯಿ ಹಾಕುವುದಿಲ್ಲ, ಮೇವಿನ ಕಾಟ ತಪ್ಪಿತು. ಬೇಸಿಗೆಯಲ್ಲಿ ಎಲೆ ಉದುರಿಸಿ ಬರಲು ಕಡ್ಡಿಯಾಗಿ ನಿಲ್ಲುತ್ತದೆ, ನೀರಿನ ಹಂಗು ತಪ್ಪಿತು. ಮುಂಗಾರಿಗೆ ಮೊದಲಿನ ಮಳೆ ಬಿದ್ದ ಕೂಡಲೆ ಚಿಗುರು, ಜೊತೆಗೇ ತಲೆ ಕೆಳಗಾಗಿ ತೂಗುವ ಹಸಿರು ಹೂವು. ಆಗಸ್ಟಿನಿಂದ ನವೆಂಬರ್‌ವರೆಗೆ ಹಣ್ಣು.

ಮೇಲೆ ಮನೆಗಳ ಬಳಿ ಹಲಸು, ಮಾವು, ಹುಣಸೆ, ಸೀಬೆಯೂ ಇವೆ. ಅವುಗಳ ಬೆಲೆಯ ಕಥೆ ಬೇರೆ. ಹುಣಸೆ ಕಾಯುತ್ತದೆ. ಸಿಪ್ಪೆ ಬಿಡಿಸಿ ಬೀಜ ತೆಗೆದು ಮಡಕೆಯಲ್ಲಿ ತುಂಬಿಟ್ಟರೆ ಬೆಲೆ ಏರುವತನಕ ಕೂರಬಹುದು. ಹುಣಸೆಗೆ ಕೇಂದ್ರ ಸರ್ಕಾರದ ಕಿರು ಅರಣ್ಯ ಉತ್ಪನ್ನದ ಬೆಂಬಲ ಬೆಲೆಯೂ ಉಂಟು. ಹಲಸು ವಾರಗಟ್ಟಲೆ ಮರದಲ್ಲಿ ನಿಲ್ಲುತ್ತದೆ. ಮಾವಿಗೆ ಕಾರ್ಖಾನೆಗಳಿವೆ. ಸೀತಾಫಲಕ್ಕೆ ಇದ್ಯಾವುದೂ ಇಲ್ಲ. ಅದಕ್ಕಿರುವುದು ಎರಡು ಮೂರು ದಿನ.

ಆ ಎರಡು ಮೂರು ದಿನದ ಲೆಕ್ಕ ಕೀಳುವ ಗಳಿಗೆಯಲ್ಲೇ ಶುರುವಾಗುತ್ತದೆ. ಹಣ್ಣಿನ ಮೈಮೇಲಿನ ಉಬ್ಬುಗಳ ನಡುವಿನ ಗೀರು ಅಗಲವಾಗಿ, ಹಸಿರು ಹೋಗಿ ಕೆನೆಬಣ್ಣ ಕಂಡರೆ ಕಣ್ಣು ಬಿಟ್ಟಿದೆ ಎನ್ನುತ್ತಾರೆ. ಕಣ್ಣು ಬಿಡದ ಕಾಯಿ ಕಿತ್ತರೆ ಅದು ಹಣ್ಣಾಗದೆ ಕಪ್ಪಗೆ ಮುರುಟುತ್ತದೆ. ಪೂರ್ತಿ ಬಿಟ್ಟ ಮೇಲೆ ಕಿತ್ತರೆ ಇಳಿಯುವ ದಾರಿಯಲ್ಲೇ ಒಡೆಯುತ್ತದೆ. ಮರದಲ್ಲೇ ಬಿಟ್ಟರೆ ಅಳಿಲು, ಬಾವಲಿ, ಹಕ್ಕಿಗಳ ಪಾಲು. ಹಾಗಾಗಿ ಕೀಳುವವರು ಬೆಳಿಗ್ಗೆ ಒಂದೊಂದೇ ಗಿಡ ಸುತ್ತಿ, ಒಂದೊಂದೇ ಹಣ್ಣನ್ನು ನೋಡಿ ಕೀಳಬೇಕು. ಒಂದು ಗಿಡದ ಹಣ್ಣೆಲ್ಲ ಒಂದೇ ದಿನ ಕಣ್ಣು ಬಿಡುವುದಿಲ್ಲ. ಅದೇ ಗಿಡಕ್ಕೆ ನಾಳೆ ಮತ್ತೆ ಬರಬೇಕು. ಬುಟ್ಟಿಯ ತಳಕ್ಕೆ ಎಲೆ ಹಾಸಿ, ಪದರ ಪದರಕ್ಕೆ ಎಲೆ ಕೊಟ್ಟು ಜೋಡಿಸಬೇಕು. ಇಷ್ಟಾದರೂ ಕೆಳಗೆ ಬಂದು ನೋಡುವಾಗ ತಳದ ಕೆಲವು ಹಣ್ಣು ನಜ್ಜಾಗಿಯೇ ಇರುತ್ತದೆ. ಶೀತಲ ಪೆಟ್ಟಿಗೆಯಲ್ಲಿಟ್ಟರೂ ಇದರ ಸಿಪ್ಪೆ ಕಪ್ಪಾಗುತ್ತದೆ. ಕಾಪಿಡುವ ಹಣ್ಣೇ ಅಲ್ಲ.

ಈಗ ಬೆಲೆಗೆ ಬರೋಣ. ಪೇಟೆಯ ಬಾಯಲ್ಲಿ ಸುಲಭವಾಗಿ ಬರುವ ಮಾತು ಒಂದಿದೆ. ಕಾಡಿನ ಹಣ್ಣು, ನೀರು ಹಾಕಿಲ್ಲ, ಗೊಬ್ಬರ ಹಾಕಿಲ್ಲ, ಇದಕ್ಕೆ ಅಸಲೇನು? ನನಗೆ ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ತೋಟದ ಹಣ್ಣಿನ ಅಸಲು ಗೊಬ್ಬರದ ಅಂಗಡಿಯ ರಸೀತಿಯಲ್ಲಿದ್ದರೆ, ಬೆಟ್ಟದ ಹಣ್ಣಿನ ಅಸಲು ಇಳಿಜಾರಿನಲ್ಲಿದೆ. ರಸೀತಿ ಇಲ್ಲದ್ದಕ್ಕೆ ಅದನ್ನು ಸೊನ್ನೆ ಎಂದು ಹಿಡಿಯುತ್ತೇವೆ, ಅಷ್ಟೇ.

ಒಂದು ಲೆಕ್ಕ ಹಾಕಿ ನೋಡಿ. ಉದ್ಯೋಗ ಖಾತ್ರಿ ಯೋಜನೆಯಲ್ಲಿ 2025-26ಕ್ಕೆ ತಮಿಳುನಾಡಿನ ದಿನಗೂಲಿ 336 ರೂಪಾಯಿ ಇತ್ತು, ಕರ್ನಾಟಕದ್ದು 370. ಸರ್ಕಾರವೇ ಒಪ್ಪಿದ ಈ ಕೂಲಿಯನ್ನು ಅಳತೆಗೆ ಇಟ್ಟುಕೊಳ್ಳೋಣ. ಒಬ್ಬಳು ಒಂದು ದಿನ ಸುತ್ತಿ 20 ಕಿಲೋ ಹಣ್ಣು ಕಿತ್ತಳು, ಮರುದಿನ ಹೊತ್ತು ಇಳಿಸಿ ಮಾರಿದಳು ಎನ್ನಿ. ಎರಡು ದಿನದ ಕೂಲಿ 672. ಬುಟ್ಟಿಯ ಸಾಗಣೆಗೆ, ಕಾಫಿಗೆ 60 ರೂಪಾಯಿ ಸೇರಿಸಿ. ತಮಿಳುನಾಡಿನಲ್ಲಿ 2021ರಿಂದ ಸಾಮಾನ್ಯ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲದಿರುವುದು ಇಲ್ಲಿ ನಿಜವಾದ ಉಪಕಾರ. ಒಟ್ಟು 732. 20 ಕಿಲೋದಲ್ಲಿ 4 ಕಿಲೋ ನಜ್ಜಾಗಿ ಹೋದರೆ ಮಾರಲು ಉಳಿಯುವುದು 16. ಕಿಲೋಗೆ 45 ರೂಪಾಯಿಗೂ ಮೇಲೆ ಬಂತು. ಇದರಲ್ಲಿ ಲಾಭವಿಲ್ಲ, ಗಿಡದ ಬೆಲೆಯಿಲ್ಲ, ಮಳೆ ಬಂದು ಕೂತು ಹೋದ ದಿನದ ನಷ್ಟವಿಲ್ಲ. ಬರೀ ಮೈಕೂಲಿ, ದಾರಿಖರ್ಚು. ಕೀಳುವುದನ್ನೂ ಹೊರುವುದನ್ನೂ ಒಂದೇ ದಿನದಲ್ಲಿ ಮುಗಿಸುವಷ್ಟು ಹತ್ತಿರದ ಗಿಡವಾದರೆ ಅದು 25 ರೂಪಾಯಿಗೆ ಇಳಿಯುತ್ತದೆ. ದೂರದ ಹಾಡಿಯ ಹಣ್ಣಿಗೆ ಏರುತ್ತದೆ. ಹಾಗಿದ್ದರೆ ಕೆಳಗಿನ ಗಿಡದ ಹಣ್ಣಿಗೂ ನೆತ್ತಿಯ ಗಿಡದ ಹಣ್ಣಿಗೂ ಒಂದೇ ಬೆಲೆ ಹೇಗಾಯಿತು ಎಂಬ ಪ್ರಶ್ನೆಯನ್ನು ಕೊಳ್ಳುವವರು ಯಾರೂ ಕೇಳುವುದಿಲ್ಲ. ಮಾರುವವರೂ ಕೇಳಿಕೊಂಡಂತಿಲ್ಲ.

ಕೆಳಗೆ ನಡೆಯುವುದು ಹೀಗೆ. ಬೆಳಿಗ್ಗೆ ಬೋಣಿಯ ಹೊತ್ತಿಗೆ ಗುಡ್ಡೆಯ ಬೆಲೆ ಒಂದಿರುತ್ತದೆ. ಗಟ್ಟಿ ಹಣ್ಣು, ಹೊಸ ಎಲೆ, ನೋಟಕ್ಕೆ ಚೆಂದ. ಮಧ್ಯಾಹ್ನದ ಬಿಸಿಲಿಗೆ ಹಣ್ಣು ಮೆತ್ತಗಾಗುತ್ತದೆ. ಕೊಸರು ಕೇಳುವ ಕೈ ಹೆಚ್ಚುತ್ತದೆ, ಗುಡ್ಡೆಗೆ ಎರಡು ಹಣ್ಣು ಹೆಚ್ಚಿಗೆ ಬೀಳುತ್ತದೆ. ಬೆಟ್ಟಕ್ಕೆ ಮರಳಬೇಕಾದವರಿಗೆ ಕತ್ತಲಾಗುವ ಮುಂಚೆ ಏರು ಹಿಡಿಯಬೇಕು. ಇದು ಕೊಳ್ಳುವವರಿಗೆ ಚೆನ್ನಾಗಿ ಗೊತ್ತು. ಸಂಜೆ ನಾಲ್ಕರ ಮೇಲೆ ಚೌಕಾಸಿ ಮಾಡುವವರು ಹಣ್ಣಿನ ಬೆಲೆ ಇಳಿಸುತ್ತಿಲ್ಲ, ಎದುರಿಗಿರುವವರ ಹೊತ್ತಿನ ಮೇಲೆ ಕೈ ಇಟ್ಟು ಒತ್ತುತ್ತಿದ್ದಾರೆ. ತಪ್ಪಲಿಗೇ ಬಂದು ಬುಟ್ಟಿ ಲೆಕ್ಕದಲ್ಲಿ ಕೊಳ್ಳುವ ವ್ಯಾಪಾರಿಯ ಬಲವೂ ಇದೇ. ಬುಟ್ಟಿಯಲ್ಲಿ ಕೊಂಡದ್ದು ಪೇಟೆಯಲ್ಲಿ ಕಿಲೋದಲ್ಲಿ ಮಾರಾಟವಾಗುತ್ತದೆ. ನಡುವಿನ ಅಂತರ ಯಾರ ಪಾಲಿಗೆ ಹೋಯಿತೆಂದು ತಕ್ಕಡಿ ಇಲ್ಲದವರಿಗೆ ತಿಳಿಯುವುದೇ ಇಲ್ಲ.

ಗುಡ್ಡೆ ಹಾಕಿ ಮಾರುವುದನ್ನು ನಾನು ಹಳಿಯುತ್ತಿಲ್ಲ. ತಕ್ಕಡಿ ಬೇಡ, ಚಿಲ್ಲರೆಯ ತಾಪತ್ರಯ ಕಡಿಮೆ, ದೊಡ್ಡದು ಚಿಕ್ಕದು ಸೇರಿ ಹೋಗುತ್ತದೆ. ಆದರೆ ಗುಡ್ಡೆ ಕೊಳ್ಳುವವರಿಂದ ತೂಕ ಮುಚ್ಚಿಡುವುದಕ್ಕಿಂತ ಮಾರುವವರಿಂದಲೇ ಹೆಚ್ಚು ಮುಚ್ಚಿಡುತ್ತದೆ. ಕೊಂಡವರು ಮನೆಗೆ ಹೋಗಿ ತೂಗಿಯಾರು. ಮಾರಿದವರಿಗೆ ದಿನದ ಕೊನೆಯಲ್ಲಿ ಕೈಯಲ್ಲಿ ಉಳಿದ ದುಡ್ಡು ಕಾಣುತ್ತದೆ, ಎಷ್ಟು ಕಿಲೋಗೆ ಅದು ಬಂತೆಂದು ಕಾಣುವುದಿಲ್ಲ. ಕಾಣದಿದ್ದರೆ ನಾಳೆಯ ಬೆಲೆಗೆ ಆಧಾರವೆಲ್ಲಿ?

ಪಕ್ಕದ ಮಾವಿನ ಕಥೆ ನೋಡಿದರೆ ಬೆಲೆ ಎಂಬುದು ಹೇಗೆ ಹುಟ್ಟುತ್ತದೆಂದು ತಿಳಿಯುತ್ತದೆ. 2025ರ ಬೇಸಿಗೆಯಲ್ಲಿ ತೋತಾಪುರಿ ಮಾವಿನ ಬೆಲೆ ಕುಸಿದಾಗ ಶ್ರೀನಿವಾಸಪುರದಿಂದ ಚಿತ್ತೂರಿನವರೆಗೆ ರೈತರು ಬೀದಿಗೆ ಬಂದರು. ಆಂಧ್ರ ಸರ್ಕಾರ ಕಿಲೋಗೆ 12 ರೂಪಾಯಿ ಎಂದು ಗೊತ್ತು ಮಾಡಿತು, ಅದರಲ್ಲಿ 8 ಕಾರ್ಖಾನೆಯವರದ್ದು, 4 ಸರ್ಕಾರದ್ದು. ಕರ್ನಾಟಕದ ತೋತಾಪುರಿ ಚಿತ್ತೂರಿಗೆ ಬಾರದಂತೆ ತಡೆ ಹಾಕಿದ್ದೂ ಆಗಲೇ. ಕೊನೆಗೆ ಕರ್ನಾಟಕದ ಎರಡೂವರೆ ಲಕ್ಷ ಟನ್ ಮಾವಿಗೆ ಕ್ವಿಂಟಲಿಗೆ 1,616 ರೂಪಾಯಿಯ ಆಧಾರದಲ್ಲಿ ನೆರವು ಕೊಡಲು ಕೇಂದ್ರ ಒಪ್ಪಿತು. ಆ ದರ ಸಾಕೇ ಸಾಲದೇ ಎಂಬುದು ಬೇರೆ ಮಾತು. ಆದರೆ ಬರೆದಿಟ್ಟ ಒಂದು ಸಂಖ್ಯೆ ಇತ್ತು, ಅದನ್ನು ಹಿಡಿದು ಜಗಳವಾಡಲು ಜನ ಒಟ್ಟಾಗಿದ್ದರು. ಪಾಲಮಲೆಯ ಸೀತಾಫಲಕ್ಕೆ ಬರೆದಿಟ್ಟ ಸಂಖ್ಯೆಯೂ ಇಲ್ಲ, ಹಿಡಿದು ನಿಲ್ಲುವ ಗುಂಪೂ ಇಲ್ಲ. ಒಬ್ಬೊಬ್ಬರೂ ಒಂದೊಂದು ಗೋಣಿತಾಟಿನ ಮೇಲೆ ಒಂಟಿ.

ತಮಿಳುನಾಡಿನಲ್ಲಿ ಇದಕ್ಕೆ ಹೊಂದುವ ಒಂದು ಒಳ್ಳೆಯ ಏರ್ಪಾಡು ಆಗಲೇ ಇದೆ. 1999ರ ನವೆಂಬರಿನಲ್ಲಿ ಕರುಣಾನಿಧಿಯವರ ಸರ್ಕಾರ ಮದುರೆಯಲ್ಲಿ ಶುರು ಮಾಡಿದ ಉಳವರ್ ಸಂದೆ, ಅಂದರೆ ನಮ್ಮ ರೈತ ಸಂತೆ. ಮೆಟ್ಟೂರಿನಲ್ಲೂ ಒಂದಿದೆ. ಅಲ್ಲಿ ದಲ್ಲಾಳಿ ಇಲ್ಲ, ಕಟ್ಟೆಗೆ ಬಾಡಿಗೆ ಇಲ್ಲ, ಪ್ರತಿ ದಿನದ ಬೆಲೆಯನ್ನು ಹಲಗೆಯ ಮೇಲೆ ಬರೆಯುತ್ತಾರೆ. ಸಗಟು ಬೆಲೆಗಿಂತ ಸುಮಾರು ನೂರಕ್ಕೆ 20 ಮೇಲೆ, ಪೇಟೆಯ ಚಿಲ್ಲರೆ ಬೆಲೆಗಿಂತ ಸುಮಾರು ನೂರಕ್ಕೆ 15 ಕೆಳಗೆ ಎಂಬುದು ಅದರ ಸೂತ್ರ. ಮಾರುವವರಿಗೂ ಕೊಳ್ಳುವವರಿಗೂ ನ್ಯಾಯ ತಪ್ಪದಂತೆ ಯೋಚಿಸಿ ಮಾಡಿದ ಸೂತ್ರ ಅದು. ನಮ್ಮ ಕರ್ನಾಟಕದಲ್ಲಿ ಮಾರುಕಟ್ಟೆ ಕಾಯ್ದೆಯ ಪ್ರಕಾರ ಕಮಿಷನ್ ಕೊಡಬೇಕಾದದ್ದು ಕೊಳ್ಳುವವರು. ಹಾಗಿದ್ದೂ ಬಿಳಿ ಚೀಟಿಯ ಮೇಲೆ ರೈತರಿಂದಲೇ ಮುರಿದುಕೊಳ್ಳುವ ಪದ್ಧತಿಯನ್ನು ಪೂರ್ತಿ ನಿಲ್ಲಿಸಲಾಗಿಲ್ಲ. ಹಣ್ಣು ಬೆಳೆದವರನ್ನು ಮಂಡಿಯಿಂದ ಉಳಿಸಬೇಕೆಂದು ತೋಟಗಾರಿಕೆ ತಜ್ಞ ಮರಿಗೌಡರು 1959ರಲ್ಲಿ ದ್ರಾಕ್ಷಿ ಬೆಳೆಗಾರರನ್ನು ಕೂಡಿಸಿ ಕಟ್ಟಿದ ಸಂಘವೇ ಇಂದಿನ ಹಾಪ್‌ಕಾಮ್ಸ್. ಆ ಆಸೆ, ಮೆಟ್ಟೂರಿನ ಹಲಗೆಯ ಆಸೆ ಎರಡೂ ಒಂದೇ.

ತೊಡಕು ಎಲ್ಲಿದೆ ಎಂದರೆ, ಉಳವರ್ ಸಂದೆಯಲ್ಲಿ ಮಾರಲು ಬೇಕಾದ ಗುರುತಿನ ಚೀಟಿ ಸಿಗುವುದು ಜಮೀನು ಮತ್ತು ಬೆಳೆ ನೋಡಿ. ಬದುವಿನ ಗಿಡ, ಕಾಡಂಚಿನ ಗಿಡ, ಬಂಡೆ ಸಂದಿಯ ಗಿಡ ಯಾವ ಪಹಣಿಯಲ್ಲೂ ಬೆಳೆಯಾಗಿ ಬರೆಸಿಕೊಂಡಿರುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನವನ್ನು ಸಂಗ್ರಹಿಸುವ, ಮಾರುವ ಹಕ್ಕನ್ನು ಬುಡಕಟ್ಟಿನವರಿಗೆ ಕೊಟ್ಟಿದೆ, ಗ್ರಾಮಸಭೆಗೆ ಅದರಲ್ಲಿ ಮಾತಿದೆ. ಕಾಯ್ದೆ ಕೊಟ್ಟ ಹಕ್ಕು ಸಂತೆಯ ಕಟ್ಟೆಯವರೆಗೆ ತಲುಪಬೇಕು.

ಬೇರೆ ಬೆಟ್ಟಗಳವರು ದಾರಿ ಹುಡುಕಿದ್ದಾರೆ. ರಾಜಸ್ಥಾನದ ಪಾಲಿ ಜಿಲ್ಲೆಯ ಬಾಲಿಯಲ್ಲಿ ಬುಡಕಟ್ಟಿನ ಹೆಂಗಸರು ಘೂಮರ್ ಎಂಬ ಮಹಿಳಾ ಸಂಘಟನೆ ಕಟ್ಟಿಕೊಂಡು ಅರಾವಳಿಯ ಕಾಡು ಸೀತಾಫಲವನ್ನು ತಾವೇ ಕೂಡಿಹಾಕಿ, ತಿರುಳು ತೆಗೆದು ಹೆಪ್ಪುಗಟ್ಟಿಸಿ ಐಸ್‌ಕ್ರೀಮ್ ಮಾಡುವವರಿಗೆ ಮಾರುತ್ತಾರೆ. ಸೀತಾಫಲದ ತಿರುಳು ಗಾಳಿಗೆ ಕಂದುಬಣ್ಣ ತಾಳುತ್ತದೆ, ಕಾಯಿಸಿದರೆ ಕಹಿಯಾಗುತ್ತದೆ. ಆದ್ದರಿಂದ ತಣ್ಣಗೆ ಹಿಡಿದಿಡುವ ಉಪಾಯವೇ ಅವರ ಬಂಡವಾಳ. ಛತ್ತೀಸಗಢದ ಕಾಂಕೇರಿನಲ್ಲೂ ಇಂಥದೇ ಕೆಲಸ ನಡೆದಿದೆ. ಮಹಾರಾಷ್ಟ್ರದ ಬೀಡ್ ಸೀತಾಫಲಕ್ಕೆ 2016ರಲ್ಲಿ ಭೌಗೋಳಿಕ ಗುರುತೇ ಸಿಕ್ಕಿತು. ಇಲ್ಲೆಲ್ಲ ಹಣ್ಣು ಬದಲಾಗಲಿಲ್ಲ. ಬೆಲೆ ಹೇಳುವ ಬಾಯಿ ಬದಲಾಯಿತು.

ಪಾಲಮಲೆಯಲ್ಲಿ ತಿರುಳಿನ ಘಟಕ ನಾಳೆಯೇ ಆಗಬೇಕೆಂದು ನಾನು ಹೇಳುವುದಿಲ್ಲ. ಮೇಲೆ ವಿದ್ಯುತ್ತು, ರಸ್ತೆ ಗಟ್ಟಿಯಾಗದೆ ಅದು ನಿಲ್ಲುವುದೂ ಇಲ್ಲ. ಅದಕ್ಕಿಂತ ಮೊದಲು ಆಗಬಹುದಾದದ್ದು ಬೇರೆ ಇದೆ. ಬೆಲೆಯನ್ನು ರಸ್ತೆಯ ಅಂಚಿನಲ್ಲಲ್ಲ, ಬೆಟ್ಟದ ಮೇಲೆ, ಕೀಳುವ ಮುಂಚೆ ಕಟ್ಟುವುದು. ಹಾಡಿಯವರು ಕೂತು, ಈ ವಾರ ಇಷ್ಟಕ್ಕಿಂತ ಕೆಳಗೆ ಯಾರೂ ಕೊಡುವುದಿಲ್ಲ ಎಂದು ಕೂಲಿಯ ಲೆಕ್ಕದಿಂದ ಒಂದು ತಳದ ಬೆಲೆ ಇಟ್ಟುಕೊಳ್ಳುವುದು. ಇಳಿಯುವ ಮುಂಚೆ ಒಂದು ತೂಗುಯಂತ್ರದಲ್ಲಿ ತೂಗಿ ಬರೆದುಕೊಳ್ಳುವುದು. ಇಂದು ತಿನ್ನುವ ಹಣ್ಣು, ನಾಳೆಯದ್ದು, ನಾಡಿದ್ದಿನದ್ದು ಎಂದು ಬೇರೆ ಮಾಡಿ, ನಾಡಿದ್ದಿನ ಗಟ್ಟಿ ಹಣ್ಣಿಗೆ ಹೆಚ್ಚು ಬೆಲೆ ಹೇಳುವುದು. ದೂರ ಹೋಗುವವರಿಗೆ ಬೇಕಾದದ್ದು ಅದೇ, ಅವರು ಕೊಡುತ್ತಾರೆ. ಸೀತಾಫಲದ ಕಾಲಕ್ಕೆ ಸರಿಯಾಗಿ ಮಹಾಲಯ ಅಮಾವಾಸ್ಯೆ, ದೀಪಾವಳಿ ಬರುತ್ತವೆ. ಮೆಟ್ಟೂರಿನ ಮೇಲಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ಜನ ಆ ದಿನಗಳಲ್ಲಿ ಹೆಚ್ಚು. ಮೂರು ದಿನ ತಡೆಯುವ ಹಣ್ಣಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಎಲ್ಲಿ ಸಿಕ್ಕಾರು?

ಹಣ್ಣಿನ ರುಚಿಯ ಮಾತೂ ಬೆಲೆಯಲ್ಲಿ ಸೇರಬೇಕು. ಹೆಸರಘಟ್ಟದ ತೋಟಗಾರಿಕಾ ಸಂಸ್ಥೆ ಹೊರತಂದ ಅರ್ಕಾ ಸಹನ್ ತಳಿ ದೊಡ್ಡದು, ಬೀಜ ಕಡಿಮೆ, ಹೆಚ್ಚು ದಿನ ತಡೆಯುತ್ತದೆ. ತೂಕದಲ್ಲಿ, ನೋಟದಲ್ಲಿ ಬೆಟ್ಟದ ಹಣ್ಣು ಅದರ ಎದುರು ನಿಲ್ಲಲಾರದು. ಬೀಜವೇ ಹೆಚ್ಚು, ತಿರುಳು ತೆಳು. ಆದರೆ ಔಷಧಿ ಕಾಣದ, ಮಳೆನೀರು ಮಾತ್ರ ಕುಡಿದ ಈ ಹಣ್ಣಿನ ಸಿಹಿ ಬೇರೆ ಜಾತಿಯದು. ತೋಟದ ಹಣ್ಣಿನ ದರದ ಅರ್ಧಕ್ಕೆ ಇದನ್ನು ಇಳಿಸಿ ಮಾರುವುದು ತಪ್ಪು. ಎಲ್ಲ ಗಿಡವೂ ಒಂದೇ ಅಲ್ಲ ಎಂಬುದೂ ನೆನಪಿರಲಿ. ತುಮಕೂರು ಜಿಲ್ಲೆ ಚೇಳೂರಿನ ಪರಮೇಶ್ ಅವರ ಮನೆಯ ಒಂದೇ ಒಂದು ಹಲಸಿನ ಮರ ಸಿದ್ದು ಹಲಸು ಎಂದು ಹೆಸರಾಗಿ, 2017ರಲ್ಲಿ ಹೆಸರಘಟ್ಟದ ಸಂಸ್ಥೆಯ ಒಪ್ಪಂದದೊಂದಿಗೆ ಅದರ ಕಸಿ ಸಸಿಗಳಿಗೆ ರೈತರು ಸರದಿ ನಿಂತರು. ಪಾಲಮಲೆಯ ಸಾವಿರಾರು ಬೀಜದ ಗಿಡಗಳಲ್ಲಿ ಬೀಜ ಕಡಿಮೆ ಇರುವ, ತಡೆದು ಹಣ್ಣಾಗುವ ಗಿಡ ಯಾವುದೆಂದು ಕೀಳುವ ಹೆಂಗಸರಿಗೆ ಗೊತ್ತಿರುತ್ತದೆ. ಅವರನ್ನು ಕೇಳಿದವರಿಲ್ಲ.

ಕೊಳ್ಳುವವರಿಗೆ ನನ್ನ ಕೋರಿಕೆ ಇಷ್ಟು. ಗುಡ್ಡೆಯ ಬೆಲೆ ಕೇಳಿದ ಮೇಲೆ ಮನಸ್ಸಿನಲ್ಲೇ ಕಿಲೋಗೆ ಇಳಿಸಿ ನೋಡಿ, 45 ರೂಪಾಯಿಗೆ ಕೆಳಗೆ ಬಂದರೆ ಚೌಕಾಸಿ ಮಾಡಬೇಡಿ. ಕೊಸರು ಕೇಳಬೇಡಿ.

ಸೇಲಂ ಜಿಲ್ಲಾಡಳಿತಕ್ಕೂ ತೋಟಗಾರಿಕೆ ಇಲಾಖೆಗೂ ಕೇಳಬೇಕಾದದ್ದು ಇದಕ್ಕಿಂತ ದೊಡ್ಡದೇನಲ್ಲ. ಆಗಸ್ಟಿನಿಂದ ನವೆಂಬರ್‌ವರೆಗೆ ಮೆಟ್ಟೂರಿನ ಉಳವರ್ ಸಂದೆಯಲ್ಲಿ ಪಾಲಮಲೆಯವರಿಗೆ ಎರಡು ಕಟ್ಟೆ ಮೀಸಲಿಡಿ. ಜಮೀನಿನ ಕಾಗದದ ಬದಲು ಗ್ರಾಮಸಭೆ ಕೊಡುವ ಪಟ್ಟಿಯನ್ನೇ ಗುರುತಿನ ಚೀಟಿಗೆ ಆಧಾರವಾಗಿ ಒಪ್ಪಿಕೊಳ್ಳಿ. ದಿನದ ಬೆಲೆಯ ಹಲಗೆಯಲ್ಲಿ ಬೆಟ್ಟದ ಸೀತಾಫಲಕ್ಕೆ ಬೇರೆಯದೇ ಒಂದು ಸಾಲು ಬರೆಸಿ.